ಕಂಪಾಸು ಡಬ್ಬಿಯ ಉಪ್ಪು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸಪ್ಪೆ ಅಕ್ಕ ಎಂದು. ಹೆತ್ತವರು ಇಟ್ಟ ಹೆಸರು ಬಾಗಿಲ ಬಳಿಯ ಹಾಜರಿ ಯಂತ್ರಕ್ಕೆ ಮಾತ್ರ ಗೊತ್ತಿತ್ತು. ಅದೂ ಕೂಡ ಹೆಬ್ಬೆರಳು ಒತ್ತಿದ ಮೇಲೆ ಸ್ವಲ್ಪ ಹೊತ್ತು ಯೋಚನೆ ಮಾಡಿಯೇ ಒಪ್ಪುತ್ತಿತ್ತು, ಏಕೆಂದರೆ ಬಿಸಿನೀರು, ಹಬೆ, ಸೋಪುಗಳಲ್ಲಿ ಅವಳ ಬೆರಳಿನ ಗೆರೆಗಳು ಸವೆದುಹೋಗಿದ್ದವು. ಅಡ್ಡಹೆಸರು ಇಟ್ಟವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಇದ್ದಷ್ಟನ್ನು ಅವಳು ಪಾತ್ರೆ ಎತ್ತುವುದಕ್ಕೆ ಉಳಿಸಿಕೊಂಡಿದ್ದಳು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎರಡು ಅಡುಗೆಮನೆಗಳಿದ್ದವು. ಒಂದು ಕ್ಯಾಂಟೀನಿನದು. ಡಾಕ್ಟರುಗಳು, ನರ್ಸುಗಳು, ರೋಗಿಗಳನ್ನು ನೋಡಲು ಬಂದ ನೆಂಟರು ಉಣ್ಣುವುದು ಅಲ್ಲಿಯ ಅಡುಗೆಯನ್ನು. ಅದರ ಯಜಮಾನಿಕೆ ದಪ್ಪ ಮೀಸೆಯ ಒಬ್ಬ ಅಡುಗೆಯವನದು. ಅವನನ್ನು ಎಲ್ಲರೂ ದೊಡ್ಡ ಸೌಟು ಎನ್ನುತ್ತಿದ್ದರು. ಇನ್ನೊಂದು ಪಥ್ಯದ ಅಡುಗೆಮನೆ. ಕಾಲು ಬಾತವರು, ಎದೆ ಸೋತವರು, ಮೂತ್ರಪಿಂಡ ಕೈಕೊಟ್ಟವರು, ಇವರಿಗೆಲ್ಲ ಊಟ ಹೋಗುತ್ತಿದ್ದದ್ದು ಅಲ್ಲಿಂದ. ಅದರ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ‘ಉಪ್ಪು ಒಳಗೆ ತರಬಾರದು’ ಎಂದು ಬರೆದಿತ್ತು. ಆ ಬಾಗಿಲ ಒಳಗೆ ಅವಳು ಬೆಳಗಿನಿಂದ ಸಂಜೆಯವರೆಗೆ ನಿಂತಿರುತ್ತಿದ್ದಳು. ಕೂರಲು ಒಂದು ಸ್ಟೂಲ್ ಇತ್ತು. ಅದರ ಮೇಲೆ ಸದಾ ಈರುಳ್ಳಿ ಬುಟ್ಟಿ ಕೂತಿರುತ್ತಿತ್ತು.

ಪಥ್ಯದ ಊಟ ಮಾಡಿ ಯಾರೂ ಹೊಗಳುವುದಿಲ್ಲ. ಬೇಯಿಸಿದ ಹುರುಳಿಕಾಯಿ, ಕ್ಯಾರೆಟ್, ಆಲೂಗಡ್ಡೆ, ತೆಳ್ಳನೆಯ ಬೇಳೆ ಸೂಪು, ಮೆತ್ತಗೆ ಬೆಂದ ಅನ್ನ, ಇವೆಲ್ಲ ತಟ್ಟೆಯಲ್ಲಿ ಮೇಲಿನ ಮಹಡಿಗಳಿಗೆ ಹೋಗಿ, ಹೆಚ್ಚುಕಮ್ಮಿ ಹೋದ ಹಾಗೆಯೇ ಕೆಳಗೆ ಬರುತ್ತಿದ್ದವು. ಒಮ್ಮೊಮ್ಮೆ ಊಟ ಬಡಿಸುವ ಹುಡುಗಿ ರಜೆ ಹಾಕಿದರೆ ಇವಳೇ ಗಾಡಿ ತಳ್ಳಿಕೊಂಡು ಹೋಗಬೇಕಾಗುತ್ತಿತ್ತು. ಆಗ ನೇರವಾಗಿ ಕಿವಿಗೇ ಬೀಳುತ್ತಿತ್ತು.

“ಏನಮ್ಮಾ, ಇದು ಸೂಪಾ, ಪಾತ್ರೆ ತೊಳೆದ ನೀರಾ?”

“ಸೂಪು ಕಣಪ್ಪ. ಪಾತ್ರೆ ತೊಳೆದ ನೀರು ನಾಳೆ,” ಎಂದು ಹೇಳಿ ಅವಳು ಮುಂದಿನ ಹಾಸಿಗೆಗೆ ಹೋಗುತ್ತಿದ್ದಳು. ಅಕ್ಕಪಕ್ಕದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಕೆಳಗಿಳಿದು ಬಂದು ಒಂದೊಂದೇ ತಟ್ಟೆಯನ್ನು ಕಸದ ಡಬ್ಬಕ್ಕೆ ಸುರಿಯುವಾಗ ನಗು ಬರುತ್ತಿರಲಿಲ್ಲ. ನಸುಕಿನಲ್ಲಿ ಎದ್ದು, ಬೆನ್ನು ಬಗ್ಗಿಸಿ ಹೆಚ್ಚಿದ್ದು ಅದೇ ತರಕಾರಿ.

ಹೀಗಿದ್ದೂ ಆ ಕೆಲಸದಲ್ಲಿ ಅವಳಿಗೆ ಒಂದು ಗುಟ್ಟಿನ ಸುಖ ಸಿಕ್ಕಿತ್ತು. ಪ್ರತಿ ಪಾತ್ರೆಯದೂ ರುಚಿ ನೋಡಿಯೇ ಕಳಿಸಬೇಕು ಎನ್ನುವುದು ನಿಯಮ. ಮೊದಮೊದಲು ಎಲ್ಲವೂ ಒಂದೇ ಥರ, ಒದ್ದೆ ಬಟ್ಟೆ ಅಗಿದ ಹಾಗೆ. ವರ್ಷಗಳು ಕಳೆದಂತೆ ನಾಲಿಗೆ ಮೆಲ್ಲಗೆ ಕಣ್ಣು ಬಿಟ್ಟಿತು. ಎಳೆ ಹುರುಳಿಕಾಯಿಯಲ್ಲಿ ಹಸಿ ಹುಲ್ಲಿನ ವಾಸನೆಯ ಒಂದು ರುಚಿ ಇರುತ್ತದೆ, ಬಲಿತದ್ದರಲ್ಲಿ ಇರುವುದಿಲ್ಲ. ಹೊಸ ಆಲೂಗಡ್ಡೆಗೂ ಮೂಟೆಯಲ್ಲಿ ಕೂತು ಹಳೆಯದಾದದ್ದಕ್ಕೂ ಅಜಗಜಾಂತರ. ಕುಂಬಳಕಾಯಿಯಲ್ಲಂತೂ ಸಿಪ್ಪೆಯ ಕಡೆಯದು ಬರೀ ನೀರು ನೀರು, ಬೀಜಕ್ಕೆ ಅಂಟಿಕೊಂಡ ತಿರುಳು ಜೇನಿನಷ್ಟು ಸಿಹಿ. ಇದನ್ನು ಕಂಡುಕೊಂಡ ದಿನ ಅವಳು ಒಲೆಯ ಮುಂದೆ ನಿಂತು ಇನ್ನೊಂದು ತುಂಡು ತಿಂದಳು, ಮತ್ತೊಂದು ತುಂಡು ತಿಂದಳು. ಯಾರಿಗಾದರೂ ಹೇಳಬೇಕು ಎನ್ನಿಸಿತು. ಯಾರಿಗೆ ಹೇಳುವುದು? ಹೇಳಿದ್ದರೆ ಸಪ್ಪೆ ಅಕ್ಕನಿಗೆ ಕುಂಬಳಕಾಯಿ ತಲೆಗೇರಿದೆ ಎಂದು ಇಡೀ ನೆಲಮಾಳಿಗೆ ನಗುತ್ತಿತ್ತು. ಹೇಳಲಿಲ್ಲ.

ಇಷ್ಟು ದಣಿವನ್ನೂ ಇಷ್ಟು ಬೈಗುಳವನ್ನೂ ಅವಳು ಹೊಟ್ಟೆಗೆ ಹಾಕಿಕೊಂಡಿದ್ದದ್ದು ಮನೆಯ ಊಟದ ಮೇಜಿನ ಬಲದಿಂದ. ಅಲ್ಲಿ ಅವಳ ತಟ್ಟೆಗಳು ಖಾಲಿಯಾಗುತ್ತಿದ್ದವು.

ಬೀಗದ ಕೈ ಮಾಡುವವನ ಅಂಗಡಿಯ ಮೇಲೆ ಎರಡು ಕೋಣೆಯ ಮನೆ ಅವರದು. ಹಗಲೆಲ್ಲ ಕೆಳಗಿನಿಂದ ಅರ ತಿಕ್ಕುವ ಸದ್ದು. ಮನೆಯಲ್ಲಿ ನಾಲ್ಕು ಜನ. ಮಾವ, ಕಣ್ಣು ಮಸುಕಾಗುವವರೆಗೂ ದರ್ಜಿ ಕೆಲಸ ಮಾಡಿ ಈಗ ಬರೀ ಮಾತು ಹೊಲಿಯುವವರು. ಮಗಳು, ಎಲ್ಲರ ಬಾಯಲ್ಲೂ ಪುಟ್ಟಿ, ಹೈಸ್ಕೂಲು. ಗಂಡ ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವವನು. ಗಾಳಿ ತುಂಬುವ ಯಂತ್ರದ ಗದ್ದಲದಲ್ಲಿ ದಿನವಿಡೀ ನಿಂತು ನಿಂತು, ಮಾತು ಎನ್ನುವುದು ದಂಡದ ಬಾಬ್ತು ಎಂದು ತೀರ್ಮಾನಿಸಿದ ಹಾಗಿದ್ದ.

ಮಾವ ತುತ್ತು ತುತ್ತಿಗೂ ಸೊಸೆಯನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದರು. “ಏನು ಹದ ಕಣಮ್ಮ, ಏನು ಹದ. ನಿನ್ನ ಕೈಗೆ ಬಂಗಾರದ ಬಳೆ ಹಾಕಿಸ್ಬೇಕು.” ಊಟಕ್ಕೆ ಕೂತ ಕೂಡಲೇ ಅವರು ಕನ್ನಡಕದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತೆರೆದು, ಕನ್ನಡಕ ಒರೆಸಿ ಹಾಕಿಕೊಳ್ಳುತ್ತಿದ್ದರು. “ಇಂಥ ಊಟನ ಕಣ್ತುಂಬ ನೋಡಿ ತಿನ್ಬೇಕು,” ಎನ್ನುತ್ತಿದ್ದರು. ಪುಟ್ಟಿ ಊಟಕ್ಕೂ ಜ್ಯಾಮಿತಿ ಪುಸ್ತಕ, ಕಂಪಾಸು ಡಬ್ಬಿ ಹಿಡಿದೇ ಬರುತ್ತಿದ್ದಳು. ಒಂದು ತುತ್ತು, ಒಂದು ವೃತ್ತ. “ಅಮ್ಮಾ, ಸೂಪರ್,” ಎಂದು ತಲೆ ಎತ್ತದೆಯೇ ಹೇಳುತ್ತಿದ್ದಳು. ಮಗಳು ಊಟದ ಹೊತ್ತಿನಲ್ಲೂ ಓದುತ್ತಾಳೆ ಎಂದು ಸಪ್ಪೆ ಅಕ್ಕ ನರ್ಸುಗಳ ಮುಂದೆ ಹೇಳಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಗಂಡ ಮಾತ್ರ ಒಂದು ದಿನವೂ ಚೆನ್ನಾಗಿದೆ ಎಂದವನಲ್ಲ. ತಲೆ ಬಗ್ಗಿಸಿ ತಿನ್ನುವುದು, ತಟ್ಟೆ ಎತ್ತಿಕೊಂಡು ಏಳುವುದು, ಅಷ್ಟೇ. ಅದಕ್ಕಿಂತ ಅವಳಿಗೆ ಇರುಸುಮುರುಸಾಗುತ್ತಿದ್ದದ್ದು ನೆಂಟರ ಮನೆಗೆ ಊಟಕ್ಕೆ ಹೋದಾಗ. ಅಲ್ಲಿ ಅರ್ಧ ಊಟ ಹಾಗೇ ತಟ್ಟೆಯಲ್ಲಿ ಬಿಟ್ಟು ನೀರು ಕುಡಿದು ಎದ್ದುಬಿಡುತ್ತಿದ್ದ. “ನಿನ್ನ ಗಂಡಂಗೆ ನಮ್ಮ ಊಟ ಸೇರಲ್ಲ ಬಿಡು,” ಎಂದು ಓರಗಿತ್ತಿ ಮೂಗು ಮುರಿದಾಗ ಅವಳು ಹೊಟ್ಟೆನೋವಿನ ನೆಪ ಹೇಳಿ ಮಾತು ಹಾರಿಸುತ್ತಿದ್ದಳು. ಅನ್ನದ ಮೇಲೆ ಅಕ್ಕರೆಯಿಲ್ಲದ ಮನುಷ್ಯ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದಳು. ಹಾಗಾಗಿ ಕುಂಬಳಕಾಯಿ ಬೇಯಿಸಿದ ದಿನ ಬೀಜದ ಕಡೆಯ ಸಿಹಿ ತುಂಡುಗಳು ಹೊಗಳುವ ಇಬ್ಬರ ತಟ್ಟೆಗೆ ಹೋಗುತ್ತಿದ್ದವು, ಸಿಪ್ಪೆಯ ಕಡೆಯವು ಗಂಡನ ತಟ್ಟೆಗೆ. ತಿನ್ನುವವನಿಗೆ ಗೊತ್ತಾಗದಿದ್ದ ಮೇಲೆ ಯಾವುದಾದರೇನು ಎನ್ನುವುದು ಅವಳ ವಾದ.

ಮನೆಯಲ್ಲಿ ಒಂದು ವಿಚಿತ್ರವಿತ್ತು. ಅಡುಗೆಗೆ ಅವಳು ಹಾಕುತ್ತಿದ್ದದ್ದು ಒಂದು ಚಿಟಿಕೆ ಉಪ್ಪು, ಆದರೆ ಗೂಡಿನಲ್ಲಿದ್ದ ಉಪ್ಪಿನ ಭರಣಿ ಆಗಾಗ ಬರಿದಾಗುತ್ತಿತ್ತು. ಗೋಡೆಯ ತೇವಕ್ಕೆ ಕರಗುತ್ತಿದೆ ಎಂದು ಅವಳು ಭರಣಿಯ ಜಾಗ ಬದಲಾಯಿಸಿದ್ದಳು, ಮುಚ್ಚಳ ಬದಲಾಯಿಸಿದ್ದಳು. ತೇವ ಎಲ್ಲಿಂದ ಬರುತ್ತಿದೆ ನೋಡಿ ಎಂದು ಮನೆ ಮಾಲೀಕನಿಗೂ ದೂರು ಹೇಳಿದ್ದಳು. ಪಾಪ, ಅವನು ಬಂದು ಗೋಡೆ ತಟ್ಟಿ ತಟ್ಟಿ ನೋಡಿ ಹೋಗಿದ್ದ.

ಒಂದು ಸಂಜೆ ಕೆಲಸ ಮುಗಿಸಿ ಬಂದು ಹಾಲು ಕಾಯಿಸಲು ಇಟ್ಟಳು. ಬಸ್ಸಿನಲ್ಲಿ ನಿಂತೇ ಬಂದಿದ್ದರಿಂದ ಕಾಲು ಮಾತು ಕೇಳುತ್ತಿರಲಿಲ್ಲ. ಕಣ್ಣು ಒಂದು ಗಳಿಗೆ ಮುಚ್ಚಿದ್ದಷ್ಟೇ, ಹಾಲು ಉಕ್ಕಿ ಒಲೆಯ ಬರ್ನರಿನ ತೂತುಗಳೆಲ್ಲ ಕಟ್ಟಿಕೊಂಡವು. ಹೇರ್‌ಪಿನ್ನು ಹಾಕಿ ನೋಡಿದಳು, ದಪ್ಪವಾಯಿತು. ಪುಟ್ಟಿ ಬ್ರೆಡ್ ತರಲು ಹೋಗಿದ್ದಳು, ಅವಳ ಕಂಪಾಸು ಡಬ್ಬಿ ಮೇಜಿನ ಮೇಲಿತ್ತು. ಕೈವಾರದ ಮೊನೆ ಸರಿಯಾದೀತು ಎಂದು ಡಬ್ಬಿ ತೆರೆದಳು. ಕೋನಮಾಪಕವನ್ನು ಎತ್ತಿದರೆ ಕೆಳಗೆ ಮಡಿಸಿದ ಒಂದು ಸಣ್ಣ ಕಾಗದದ ಪೊಟ್ಟಣ. ಒಳಗೆ ಬಿಳಿ ಪುಡಿ.

 ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಇಂಥ ಬಿಳಿ ಪುಡಿಯ ಸಹವಾಸಕ್ಕೆ ಬಿದ್ದ ಮಕ್ಕಳನ್ನು ಅವಳು ನೋಡಿದ್ದಳು. ಅವರಿಗೆ ಗಂಜಿ ಕಳಿಸಿದ್ದಳು. ಅವರ ತಾಯಂದಿರು ಮೆಟ್ಟಿಲ ಮೇಲೆ ತಲೆ ಮೇಲೆ ಕೈ ಹೊತ್ತು ಕೂತದ್ದು ಕಣ್ಣ ಮುಂದೆ ಬಂತು. ಕುರ್ಚಿ ಎಳೆದುಕೊಂಡು ಕೂತು, ಬೆರಳಿನ ತುದಿಗೆ ಒಂದು ಕಣ ಅಂಟಿಸಿಕೊಂಡು ನಾಲಿಗೆಗೆ ಮುಟ್ಟಿಸಿದಳು.

ಉಪ್ಪು. ಅಡುಗೆಮನೆಯ ಸಾದಾ ಉಪ್ಪು.

ಮಗಳು ಹಾಳಾಗಿಲ್ಲ ಎನ್ನುವ ನೆಮ್ಮದಿ ಒಂದು ಉಸಿರಿನಷ್ಟು ಹೊತ್ತು ಇತ್ತು. ಎರಡನೆಯ ಉಸಿರಿಗೆ ಉಪ್ಪು ಜ್ಯಾಮಿತಿಯ ಡಬ್ಬಿಯಲ್ಲಿ ಯಾಕಿದೆ ಎನ್ನುವುದು ಹೊಳೆಯಿತು. ಅವಳು ಸುಮ್ಮನೆ ಎದ್ದು, ಕೈವಾರದ ಮೊನೆಯಿಂದ ಬರ್ನರಿನ ತೂತುಗಳನ್ನೆಲ್ಲ ಬಿಡಿಸಿ, ಮೊನೆ ಒರೆಸಿ, ಪೊಟ್ಟಣವನ್ನು ಇದ್ದ ಹಾಗೇ ಮಡಿಸಿ ಡಬ್ಬಿ ಮುಚ್ಚಿಟ್ಟಳು.

ಆ ದಿನ ಊಟಕ್ಕೆ ಕೂತಾಗ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಿದ್ದಳು. ಪುಟ್ಟಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತೆರೆದಳು, ಕೈವಾರ ತೆಗೆದಳು, ಅರ್ಧ ವೃತ್ತ ಎಳೆದಳು. ಎಡಗೈಯ ಎರಡು ಬೆರಳು ಡಬ್ಬಿಗೆ ಹೋಗಿ, ತಟ್ಟೆಯ ಮೇಲೆ ಒಂದು ಸಲ ಉಜ್ಜಿಕೊಂಡು, ಏನೂ ಗೊತ್ತಿಲ್ಲದಂತೆ ಪುಸ್ತಕಕ್ಕೆ ಮರಳಿದವು. ಮಗಳ ಕೈಚಳಕಕ್ಕೆ ತಾಯಿಗೆ ಅಚ್ಚರಿಯಾಯಿತು. ಕಣ್ಣು ಅಲ್ಲಿಂದ ಮಾವನ ಕಡೆಗೆ ಹೊರಳಿತು. ಮಾವ ಕನ್ನಡಕ ಹಾಕಿಕೊಂಡಿದ್ದರು, ಆದರೂ ಡಬ್ಬಿ ಇನ್ನೂ ತೊಡೆಯ ಮೇಲೆ ತೆರೆದೇ ಇತ್ತು. ಅವರ ಬೆರಳುಗಳು ಕೆಳಗಿಳಿದು ಮೇಲೆ ಬಂದು, ಸೂಪಿನ ಬಟ್ಟಲಿಗೆ ಆಶೀರ್ವಾದ ಮಾಡುವಂತೆ ಒಂದು ಸುತ್ತು ತಿರುಗಿದವು.

“ಏನು ಹದ ಕಣಮ್ಮ,” ಎಂದರು ಮಾವ.

 ಇಷ್ಟು ವರ್ಷ ತನ್ನ ಅಡುಗೆ ಎಂದು ಇವರು ಹೊಗಳಿದ್ದು ತನ್ನದನ್ನಲ್ಲ. ಆಸ್ಪತ್ರೆಯವರು ಮುಖದ ಮೇಲೆ ಹೇಳುತ್ತಿದ್ದದ್ದನ್ನೇ ಇವರು ತೊಡೆಯ ಮೇಲೆ ಹೇಳುತ್ತಿದ್ದರು. ಅವಳು ಗಂಡನ ಕಡೆ ನೋಡಿದಳು. ಅವನ ಎಡಗೈ ಮಂಡಿಯ ಮೇಲಿತ್ತು, ಬಲಗೈಯಲ್ಲಿ ಚಮಚ. ಏನೂ ಕಾಣಲಿಲ್ಲ. ಕಾಣದಿದ್ದರೇನು, ಇದ್ದೇ ಇರುತ್ತದೆ ಎಂದುಕೊಂಡಳು.

ಮರುದಿನದಿಂದ ಅವಳು ಗಂಡನ ಸಾಮಾನು ತಡಕಾಡಿದಳು. ಅಂಗಿಯ ಜೇಬು, ಪ್ಯಾಂಟಿನ ಜೇಬು, ಊಟದ ಡಬ್ಬಿಯ ಮುಚ್ಚಳ, ಸಲಕರಣೆಯ ಚೀಲ, ಯಾವುದನ್ನೂ ಬಿಡಲಿಲ್ಲ. ಸಿಕ್ಕಿದ್ದು ಒಂದಿಷ್ಟು ನಟ್ಟು ಬೋಲ್ಟು, ಹಲ್ಲು ಮುರಿದ ಬಾಚಣಿಗೆ, ತಲೆನೋವಿನ ಮಾತ್ರೆ. ಉಪ್ಪಿನ ಒಂದು ಕಣವೂ ಇಲ್ಲ. ಇವನೇ ಪಕ್ಕಾ ಕಳ್ಳ, ಎಲ್ಲಿಟ್ಟಿದ್ದಾನೋ ಎಂದು ಅವಳು ಹಲ್ಲು ಕಚ್ಚಿದಳು.

ಆ ವಾರ ಆಸ್ಪತ್ರೆಯಿಂದ ಹಿಂದಕ್ಕೆ ಬಂದ ತಟ್ಟೆಗಳು ಎಂದಿಗಿಂತ ಭಾರವಾಗಿದ್ದವು. ಕೆಲಸ ಬಿಟ್ಟುಬಿಡೋಣ ಎನ್ನಿಸಿತು. ಬಿಟ್ಟು ಮಾಡುವುದೇನು? ಬರುವುದು ಅಡುಗೆಯೊಂದೇ, ಈಗ ಅದೂ ಬರುವುದಿಲ್ಲ ಎಂದು ಗೊತ್ತಾಗಿತ್ತು. ತನ್ನ ಕೈಯದು ಅಂತ ಯಾರಾದರೂ ಒಬ್ಬರು ಖುಷಿಯಿಂದ ತಿಂದರೆ ಸಾಕು, ಅವಳು ಬೇರೆ ಏನನ್ನೂ ಕೇಳಿದವಳಲ್ಲ. ಆ ಒಬ್ಬರೂ ಇಲ್ಲ ಎನ್ನುವುದನ್ನು ತಿಳಿದುಕೊಂಡು ನಾಳೆ ಮತ್ತೆ ಒಲೆ ಹೊತ್ತಿಸುವುದು ಹೇಗೆ ಎನ್ನುವುದೇ ಅವಳ ಕಷ್ಟವಾಗಿತ್ತು.

ಕೊನೆಗೆ ಒಂದು ಮಧ್ಯಾಹ್ನ, ಕ್ಯಾಂಟೀನಿನ ಗದ್ದಲ ಇಳಿದ ಮೇಲೆ, ಅವಳು ಏಪ್ರನ್ ಬಿಚ್ಚಿಟ್ಟು ಪಕ್ಕದ ಅಡುಗೆಮನೆಗೆ ಹೋದಳು.

“ಅಣ್ಣ, ಉಪ್ಪು ಹಾಕೋದು ಹೇಳ್ಕೊಡು.”

ದೊಡ್ಡ ಸೌಟು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟ. “ಏನಂದೆ?”

“ಮನೇಲಿ ಉಪ್ಪು ಕಮ್ಮಿ ಆಗ್ತಿದೆ. ನಂಗೆ ಅಂದಾಜೇ ಸಿಗ್ತಿಲ್ಲ.”

“ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಅದೇ ಕಷ್ಟ ಆಗಿರೋದು.”

ಅವನು ನಗಲು ಬಾಯಿ ತೆರೆದವನು ಅವಳ ಮುಖ ನೋಡಿ ನಗುವನ್ನು ಮೀಸೆಯೊಳಗೇ ನುಂಗಿಕೊಂಡ. ಒಂದು ಬಟ್ಟಲಿನಲ್ಲಿ ಆಲೂಗಡ್ಡೆ ಬಟಾಣಿ ಹಾಕಿಕೊಟ್ಟ. ಅವಳು ಒಂದು ಚಮಚ ಬಾಯಿಗಿಟ್ಟಳು. ನಾಲಿಗೆ ಚುರುಗುಟ್ಟಿತು, ಕಣ್ಣಲ್ಲಿ ನೀರು ಬಂತು. ಆಲೂಗಡ್ಡೆ ಹೊಸದೋ ಹಳೆಯದೋ ಹೇಳಲಾಗಲಿಲ್ಲ.

“ಇದು ಜಾಸ್ತಿ ಆಗಿಲ್ವಾ?”

“ಇದಾ? ಇದನ್ನ ತಿಂದು ಮೂಳೆ ಡಾಕ್ಟ್ರು ಈಗಷ್ಟೇ ಉಪ್ಪು ಸಾಲದು ಅಂತ ಬೈದು ಹೋದ್ರು. ನೋಡು ತಂಗಿ, ನಿನ್ನ ನಾಲಿಗೆ ಮನೆ ಬಿಟ್ಟು ಎಲ್ಲೋ ಹೋಗಿಬಿಟ್ಟಿದೆ. ಅದರ ಮಾತು ಕೇಳ್ಬೇಡ. ಸಾಕು ಅನ್ಸಿದ ಮೇಲೂ ಹಾಕು. ಸಾಕಪ್ಪ ಸಾಕು ಅನ್ಸಿದ ಮೇಲೆ ಇನ್ನೊಂಚೂರು ಹಾಕು. ಆಗ ಜನ ತಿನ್ನೋ ಹದಕ್ಕೆ ಬರುತ್ತೆ.”

“ನಾನು ಜನ ಅಲ್ವಾ ಅಣ್ಣ?”

ಅವನು ತನ್ನ ಉಪ್ಪಿನ ಡಬ್ಬದಿಂದ ಒಂದು ಹಳೆಯ ಚಮಚ ತೆಗೆದು ಅವಳ ಕೈಗಿಟ್ಟ. ನಾಲ್ಕು ಜನರ ಪಾತ್ರೆಗೆ ಇದರಲ್ಲಿ ಅಂಚಿಗೆ ಸಮವಾಗಿ ತಲೆ ತಟ್ಟಿ ಒಂದು, ಕಣ್ಣು ಮುಚ್ಚಿಕೊಂಡು ಹಾಕು, ರುಚಿ ನೋಡಲೇಬೇಡ ಎಂದ. ಅಡುಗೆಯವಳಿಗೆ ರುಚಿ ನೋಡಬೇಡ ಎನ್ನುವುದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಆದರೆ ಅವನು ಹೇಳಿದ್ದು ಒಳ್ಳೆಯ ಮನಸ್ಸಿನಿಂದ. ಅವಳು ಚಮಚವನ್ನು ಕೈಚೀಲಕ್ಕೆ ಹಾಕಿಕೊಂಡು ಬಂದಳು.

ವಾರದ ರಜೆಯ ದಿನ ಅವಳು ಕುಂಬಳಕಾಯಿ, ಆಲೂಗಡ್ಡೆ, ಈರುಳ್ಳಿ ಬೇಯಿಸಿದಳು. ಬೇಳೆ ಸೂಪು ಮಾಡಿದಳು. ದೊಡ್ಡ ಸೌಟಿನ ಚಮಚದಿಂದ ತಲೆ ತಟ್ಟಿ ಎರಡಕ್ಕೂ ಉಪ್ಪು ಹಾಕಿದಳು. ಹೇಳಿದಂತೆ ರುಚಿ ನೋಡಲಿಲ್ಲ. ಇಂದಿನಿಂದ ನನ್ನ ಮನೆಯಲ್ಲಿ ಬೇರೆಯವರ ನಾಲಿಗೆಯ ಅಡುಗೆ ಎಂದುಕೊಂಡಳು, ಒಳಗೆ ಏನೋ ಸೋತುಹೋದ ಹಾಗಾಯಿತು. ಕನಿಷ್ಠ ಅವರಾದರೂ ಕಳ್ಳತನ ಬಿಟ್ಟು ನೆಟ್ಟಗೆ ಉಣ್ಣಲಿ ಎನ್ನುವ ಆಸೆಯೂ ಇತ್ತು. ಯಾರಿಗೂ ಏನೂ ಹೇಳದೆ ಬಡಿಸಿದಳು. ಬೀಜದ ಕಡೆಯ ತುಂಡುಗಳು ಎಂದಿನಂತೆ ಮಾವನಿಗೂ ಪುಟ್ಟಿಗೂ ಹೋದವು. ಕೈಗೆ ಅದೇ ರೂಢಿಯಾಗಿತ್ತು.

ಅವಳು ಒಂದು ವಿಷಯ ಮರೆತಿದ್ದಳು. ಆ ಮನೆಯಲ್ಲಿ ಉಪ್ಪು ಹಾಕಿಕೊಳ್ಳುತ್ತಿದ್ದದ್ದು ರುಚಿ ನೋಡಿ ಅಲ್ಲ, ರುಚಿ ನೋಡುವುದಕ್ಕೆ ಮುಂಚೆ.

ಪುಟ್ಟಿ ವೃತ್ತ ಎಳೆದಳು, ಬೆರಳು ಉಜ್ಜಿದಳು. ಮಾವ ಕನ್ನಡಕ ಒರೆಸಿದರು, ಆಶೀರ್ವಾದ ಮಾಡಿದರು. ಅವಳು ಬೇಡ ಎನ್ನುವಷ್ಟರಲ್ಲಿ ಎರಡು ಚಮಚಗಳೂ ಬಾಯಿಗೆ ಹೋಗಿದ್ದವು.

ಮಾವನ ಮುಖ ಮೊದಲು ನಿಂತುಹೋಯಿತು, ಆಮೇಲೆ ಕೆಂಪಾಯಿತು. ಕನ್ನಡಕದ ಹಿಂದೆ ಕಣ್ಣುಗಳು ತುಂಬಿಕೊಂಡವು. ಪುಟ್ಟಿ ನೀರಿನ ಲೋಟಕ್ಕೆ ಕೈ ಚಾಚಿದವಳು ಅದನ್ನು ಒಂದೇ ಗುಟುಕಿಗೆ ಮುಗಿಸಿ ಜಗ್ಗನ್ನೇ ಹತ್ತಿರ ಎಳೆದುಕೊಂಡಳು.

“ಹೇಗಿದೆ ಮಾವ?”

“ಅಮೃತ,” ಎಂದರು ಮಾವ, ಸಿಕ್ಕಿಕೊಂಡ ಗಂಟಲಿನಲ್ಲಿ. “ಅಮೃತ ಕಣಮ್ಮ. ಆ ಜಗ್ಗು ಈ ಕಡೆ ಕೊಡೇ ಪುಟ್ಟಿ.” ಹೇಳಿದವರೇ ಇನ್ನೊಂದು ಚಮಚ ತುಂಬಿಕೊಂಡರು. ಆ ಮುದಿ ಜೀವ ಆ ಚಮಚವನ್ನೂ ನುಂಗಿತು. ಪುಟ್ಟಿಯೂ ನುಂಗಿದಳು. ಇಬ್ಬರೂ ತಟ್ಟೆ ಬಿಟ್ಟು ತಲೆ ಎತ್ತಲಿಲ್ಲ.

ಆಗ ಗಂಡ ಚಮಚ ಕೆಳಗಿಟ್ಟ. ತಟ್ಟೆ ನೋಡಿದ, ಹೆಂಡತಿಯನ್ನು ನೋಡಿದ.

“ಉಪ್ಪು ಕೈ ತಪ್ಪಿ ಬಿತ್ತಾ?” ಎಂದ.

“ಎಲ್ಲರ ಮನೇಲಿ ಹಾಕೋಷ್ಟೇ ಹಾಕಿದ್ದೀನಿ.”

“ಎಲ್ಲರ ಮನೇದು ನಮಗ್ಯಾಕೆ? ಕುಂಬಳಕಾಯಿ ತಿಂತಿದ್ದೀನೋ ಏನು ತಿಂತಿದ್ದೀನೋ ಗೊತ್ತೇ ಆಗ್ತಿಲ್ಲ.”

ಆ ಮೇಜಿನ ಮೇಲೆ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದು ಯಾರಿಗೂ ನೆನಪಿರಲಿಲ್ಲ. ಅವಳು ಅವನ ಮುಖವನ್ನೇ ದಿಟ್ಟಿಸಿದಳು.

“ನಿಮ್ಮ ಉಪ್ಪು ಎಲ್ಲಿಟ್ಟಿದ್ದೀರಿ, ತೋರಿಸಿ.”

“ಯಾವ ಉಪ್ಪು?”

ಅವನ ಮುಖದಲ್ಲಿ ಕಳ್ಳತನದ ಎಳ್ಳಷ್ಟು ಗುರುತೂ ಇರಲಿಲ್ಲ. ಅವಳು ಆಮೇಲೆ ಉಳಿದಿಬ್ಬರ ಕಡೆ ತಿರುಗಿ, “ಮಾವ, ಕನ್ನಡಕದ ಡಬ್ಬಿ ಮೇಜಿನ ಮೇಲಿಡಿ. ಪುಟ್ಟಿ, ನಿಂದೂ ಇಡು,” ಎಂದಳು.

ಎರಡು ಡಬ್ಬಿಗಳೂ ಮೇಲೆ ಬಂದವು. ಕನ್ನಡಕದ ಡಬ್ಬಿಯ ಮೂಲೆಯಲ್ಲಿ ಹಳೆಯ ಅಂಗಿಯ ಬಟ್ಟೆಯಲ್ಲಿ ಚೊಕ್ಕವಾಗಿ ಹೊಲಿದ ಒಂದು ಪುಟ್ಟ ಚೀಲ. ದರ್ಜಿಯ ಕೆಲಸ ಎಂದು ನೋಡಿದರೇ ತಿಳಿಯುತ್ತಿತ್ತು. ಪುಟ್ಟಿ ಅದನ್ನು ನೋಡಿದಳು. ಮಾವ ಅವಳ ಪೊಟ್ಟಣ ನೋಡಿದರು.

“ತಾತ, ನೀನೂನಾ?”

“ನಂದಿರ್ಲಿ ಬಿಡು. ನೀನು ಓದ್ತಿದ್ದೀಯ ಅಂದ್ಕೊಂಡಿದ್ನಲ್ಲೇ.”

“ಓದ್ತಾನೂ ಇದ್ದೆ ತಾತ. ಡಬ್ಬಿ ತೆಗೆದ ಮೇಲೆ ಏನಾದ್ರೂ ಬರೀಲೇಬೇಕಲ್ಲ. ಬರೆದೂ ಬರೆದೂ ಜ್ಯಾಮಿತಿ ಇಷ್ಟ ಆಗ್ಬಿಡ್ತು.”

ಮಗಳಿಗೆ ಜ್ಯಾಮಿತಿಯಲ್ಲಿ ಯಾವಾಗಲೂ ತರಗತಿಗೇ ಮೊದಲ ಅಂಕ. ಅದಕ್ಕೆ ಕಾರಣ ತಾಯಿಯ ಸಪ್ಪೆ ಸೂಪು ಎನ್ನುವುದು ಈಗ ಗೊತ್ತಾಯಿತು. 

“ಬಾಯಿ ಬಿಟ್ಟು ಹೇಳಿದ್ರೆ ನಾನೇನು ನಿಮ್ಮನ್ನ ತಿಂದುಬಿಡ್ತಿದ್ನಾ ಮಾವ?”

ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀನು ಆ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದಿನ ಈ ಪುಟ್ಟಿ, ಸಣ್ಣ ಕೂಸು ಆಗ, ‘ಅಮ್ಮ, ಸಪ್ಪೆ’ ಅಂದ್ಬಿಟ್ಳು. ನೀನು ಒಳಗೆ ಹೋಗಿ ಅಡುಗೆಮನೆ ನೆಲದ ಮೇಲೆ ಕೂತು ಅತ್ತೆ. ಅವತ್ತು ಆಸ್ಪತ್ರೇಲಿ ಯಾರೋ ನಿನ್ನ ಮೇಲೆ ಸೂಪು ಎರಚಿದ್ರಂತೆ. ಅದೂ ಆಗಿ ಇದೂ ಆಯ್ತು. ನಾನು ಅವತ್ತೇ ಅಂದ್ಕೊಂಡೆ, ಈ ಮನೇಲಿ ಊಟದ ವಿಷಯಕ್ಕೆ ಈ ಹೆಣ್ಣುಮಗಳ ಕಣ್ಣಲ್ಲಿ ನೀರು ಬರಬಾರ್ದು ಅಂತ. ಮೊಮ್ಮಗಳಿಗೂ ಹೇಳಿದೆ, ಏನೇ ಆಗ್ಲಿ ಚೆನ್ನಾಗಿದೆ ಅನ್ನು ಅಂತ. ಉಪ್ಪಿನ ಉಪಾಯ ಮಾತ್ರ ನಂದೊಬ್ಬಂದೇ ಅಂದ್ಕೊಂಡಿದ್ದೆ.”

ಅವಳಿಗೆ ಆ ದಿನ ನೆನಪಿತ್ತು. ಸೂಪು ಬಿಸಿಯಾಗಿಯೇ ಇತ್ತು, ಮೊಣಕೈಯ ಹತ್ತಿರ ಇನ್ನೂ ಒಂದು ಕಲೆಯಿದೆ. ತಾನು ಅತ್ತದ್ದನ್ನು ಯಾರೋ ನೋಡಿದ್ದರು, ನೋಡಿ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದರು ಎನ್ನುವುದು ಗೊತ್ತಿರಲಿಲ್ಲ. ಮಾವನ ಮೇಲಿದ್ದ ಸಿಟ್ಟು ನಿಂತಲ್ಲೇ ಇಳಿದುಹೋಯಿತು. ಅವಳು ಗಂಡನ ಕಡೆ ತಿರುಗಿದಳು.

“ನೀವು? ನಿಮಗೆ ಸಪ್ಪೆ ಅನ್ಸಲ್ವಾ?”

“ಮೊದಮೊದಲು ಅನ್ಸೋದು. ಆಮೇಲೆ ಇದೇ ಸರಿ ಅನ್ಸಿಬಿಡ್ತು.”

“ಮತ್ತೆ ನೆಂಟರ ಮನೇಲಿ ಅರ್ಧ ಬಿಟ್ಟು ಏಳೋದು?”

“ಬಾಯಿ ಉರಿಯುತ್ತಲ್ಲ. ಡಿಪೋದಲ್ಲೂ ಯಾರ ಡಬ್ಬಿಗೂ ಕೈ ಹಾಕಲ್ಲ ನಾನು. ನಿಂಗೆ ಉರಿಯಲ್ವಾ?”

“ಉರಿಯುತ್ತೆ,” ಎಂದಳು. ಅವಳಿಗೂ ಉರಿಯುತ್ತಿತ್ತು. ಮರ್ಯಾದೆಗೆ ನುಂಗುತ್ತಿದ್ದಳು ಅಷ್ಟೇ. ಇಬ್ಬರೂ ಅದೇ ನೆಂಟರ ಮನೆಯಲ್ಲಿ ಅಕ್ಕಪಕ್ಕ ಕೂತು ಬಾಯಿ ಉರಿಸಿಕೊಂಡಿದ್ದರು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

“ಒಂದು ಸಲನಾದ್ರೂ ಚೆನ್ನಾಗಿದೆ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ದನಿ ಏರಿತು. ಇಷ್ಟು ವರ್ಷದ ಸಿಟ್ಟೆಲ್ಲ ಆ ಒಂದು ಮಾತಿನಲ್ಲಿತ್ತು.

“ತಿಂತಿದ್ನಲ್ಲ,” ಎಂದ ಅವನು, ಅದಕ್ಕಿಂತ ಹೆಚ್ಚು ಹೇಳುವುದು ಏನಿದೆ ಎಂದು ನಿಜವಾಗಿಯೂ ತಿಳಿಯದವನಂತೆ.  ತಟ್ಟೆಯಲ್ಲಿದ್ದ ಕುಂಬಳಕಾಯಿಯನ್ನು ಚಮಚದಿಂದ ಆ ಕಡೆ ಈ ಕಡೆ ತಿರುಗಿಸಿದ. “ಬೀಜದ ಕಡೆ ತುಂಡೆಲ್ಲ ಅವರಿಬ್ಬರಿಗೇ ಹಾಕ್ತೀಯ. ಸಿಹಿ ಇರೋದೇ ಅದರಲ್ಲಿ. ನಂಗೆ ಯಾವಾಗ್ಲೂ ಸಿಪ್ಪೆ ಕಡೇದು. ಕೇಳೋದು ಚೆನ್ನಾಗಿರಲ್ಲ ಅಂತ ಸುಮ್ಮನಿದ್ದೆ.”

ಅವಳು ಕೂತಲ್ಲೇ ಕೂತಳು. ಒಲೆಯ ಮುಂದೆ ಒಬ್ಬಳೇ ನಿಂತು ಕಂಡುಕೊಂಡು, ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ವಿಷಯ ಅದು. ಈ ಮಾತಿಲ್ಲದ ಮನುಷ್ಯ, ಎದುರಿಗೇ ಕೂತು, ಸಿಪ್ಪೆಯ ಕಡೆಯ ತುಂಡು ತಿಂದುಕೊಂಡೇ ಅದನ್ನು ಕಂಡುಕೊಂಡಿದ್ದ. ಅಳು ಬಂತು, ಸೆರಗಿನಿಂದ ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

“ನೋಡಿದ್ಯಾ ಪುಟ್ಟಿ, ಮತ್ತೆ ಅಳಿಸಿದ,” ಎಂದರು ಮಾವ. “ನಾನು ಇಷ್ಟು ವರ್ಷ ಕಾಪಾಡಿದ್ದನ್ನ ಒಂದೇ ಮಾತಲ್ಲಿ ಕೆಡಿಸ್ದ ನೋಡು.”

ಆ ದಿನದ ಸೂಪಿಗೆ ಪುಟ್ಟಿ ಎರಡು ಜಗ್ಗು ನೀರು ಬೆರೆಸಿದರೂ ಅದು ಸರಿಹೋಗಲಿಲ್ಲ. ಎಲ್ಲರೂ ಬ್ರೆಡ್ ತಿಂದು ಮಲಗಿದರು.

ಆಮೇಲೆ ಉಪ್ಪಿನ ಭರಣಿ ಗೂಡಿನಿಂದ ಇಳಿದು ಊಟದ ಮೇಜಿಗೆ ಬಂತು. ಮಾವ ಕನ್ನಡಕ ಇಲ್ಲದೆಯೇ ಉಣ್ಣತೊಡಗಿದರು. ಪುಟ್ಟಿಗೆ ಪುಸ್ತಕ ತರಬೇಕಾದ ಅಗತ್ಯ ಇರಲಿಲ್ಲ, ಆದರೂ ತರುತ್ತಿದ್ದಳು. ದೊಡ್ಡ ಸೌಟಿಗೆ ಅವನ ಚಮಚ ವಾಪಸ್ಸು ಹೋಯಿತು. ಗೋಡೆಯಲ್ಲಿ ತೇವ ಇಲ್ಲ ಎಂದು ಮನೆ ಮಾಲೀಕನಿಗೆ ಹೇಳಿ ಕಳಿಸಲಾಯಿತು.

ಆಸ್ಪತ್ರೆಯಲ್ಲಿ ಏನೂ ಬದಲಾಗಲಿಲ್ಲ. ತಟ್ಟೆಗಳು ತುಂಬಿಯೇ ಕೆಳಗೆ ಬರುತ್ತಿದ್ದವು, ರೋಗಿಗಳು ಬೈಯುತ್ತಿದ್ದರು, ಸ್ಟೂಲಿನ ಮೇಲೆ ಈರುಳ್ಳಿಯೇ ಕೂತಿರುತ್ತಿತ್ತು. ಕಾಲು ನೋವು ಮೊದಲಿಗಿಂತ ಜಾಸ್ತಿಯೇ ಆಗಿತ್ತು. ಒಂದು ಸಂಜೆ ಹಾಗೆಯೇ ಸುಸ್ತಾಗಿ ಬಂದು, ಕೂರದೆ, ಕುಂಬಳಕಾಯಿ ಹೆಚ್ಚಿ ಬೇಯಲು ಇಟ್ಟಳು. ಬೆಂದ ಮೇಲೆ ಉಪ್ಪು ಹಾಕುವ ಮುಂಚೆ ಪಾತ್ರೆಯಿಂದ ಎರಡು ತಟ್ಟೆಗೆ ತೆಗೆದಿಟ್ಟಳು, ಒಂದು ತನ್ನದು, ಒಂದು ಗಂಡನದು. ಉಳಿದದ್ದಕ್ಕೆ ಉಪ್ಪು ಹಾಕಿ ಮಾವನಿಗೂ ಪುಟ್ಟಿಗೂ ಬಡಿಸಿದಳು.

ಗಂಡ ಕೈ ತೊಳೆದು ಬಂದು ಕೂತ. ತಟ್ಟೆಯಲ್ಲಿದ್ದದ್ದೆಲ್ಲ ಬೀಜದ ಕಡೆಯ ತುಂಡುಗಳು. ಅವನು ಒಂದು ಗಳಿಗೆ ಅದನ್ನು ನೋಡಿದ, ಹೆಂಡತಿಯ ತಟ್ಟೆ ನೋಡಿದ. ಅದರಲ್ಲಿ ಒಂದೂ ಇರಲಿಲ್ಲ. ಚಮಚದಿಂದ ಅರ್ಧ ತೆಗೆದು ಅವಳ ತಟ್ಟೆಗೆ ಹಾಕಿ, ತಲೆ ಬಗ್ಗಿಸಿ ತಿನ್ನತೊಡಗಿದ. ಚೆನ್ನಾಗಿದೆ ಎಂದು ಆಗಲೂ ಹೇಳಲಿಲ್ಲ.